ಅಗ್ಗದ ನಾರ್ವೆ ಬಸ್ ಟೂರ್: ಬೆಲೆ ಎಲ್ಲಿ ಇಳಿದಿದೆ, ಎಲ್ಲಿ ಏರುತ್ತದೆ?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ನಾವಿಬ್ಬರು ಮತ್ತು 68, 64 ವಯಸ್ಸಿನ ಅಪ್ಪ-ಅಮ್ಮ, ಹೀಗೆ ನಾಲ್ವರು ಮುಂದಿನ ಬೇಸಿಗೆಯಲ್ಲಿ ನಾರ್ವೆ ನೋಡಬೇಕೆಂದಿದ್ದೇವೆ. ಯುರೋಪಿನ ಒಂದು ಕಂಪನಿ 7 ರಾತ್ರಿ, 8 ದಿನದ ಗ್ರೂಪ್ ಬಸ್ ಟೂರಿಗೆ ತಲಾ 1,199 ಯೂರೋ ಹೇಳುತ್ತಿದೆ. ಓಸ್ಲೋ, ಗೈರಾಂಗರ್, ಫ್ಲೋಮ್, ಬರ್ಗನ್ ಎಲ್ಲವೂ ಇದೆ. ದಿನಾ ಬೆಳಗಿನ ತಿಂಡಿ, ಮೂರು ರಾತ್ರಿ ಊಟ ಅವರದು. ವಿಮಾನ, ವೀಸಾ ನಮ್ಮದು. ಅಷ್ಟು ದುಬಾರಿ ದೇಶದಲ್ಲಿ ಇಷ್ಟು ಕಡಿಮೆಗೆ ಹೇಗೆ ಸಾಧ್ಯ? ಒಟ್ಟು ಎಷ್ಟು ಖರ್ಚಾದೀತು? ನಾವು ಸಸ್ಯಾಹಾರಿಗಳು. ಕೈಪಿಡಿಯ ಮೇಲೆ ‘ಮಧ್ಯರಾತ್ರಿಯ ಸೂರ್ಯನ ನಾಡು’ ಎಂದಿದೆ, ಯಾವ ತಿಂಗಳು ಹೋದರೆ ಅದು ಕಾಣುತ್ತದೆ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಏಕೆಂದರೆ ಅದರ ಉತ್ತರ ಚಿಕ್ಕದು: ಈ ಟೂರಿನಲ್ಲಿ ಯಾವ ತಿಂಗಳು ಹೋದರೂ ಕಾಣುವುದಿಲ್ಲ. ಮಧ್ಯರಾತ್ರಿಯ ಸೂರ್ಯ ಕಾಣುವುದು ಆರ್ಕ್ಟಿಕ್ ವೃತ್ತದಾಚೆ. ಟ್ರೋಮ್ಸೋದಲ್ಲಿ ಮೇ 20ರ ಸುಮಾರಿನಿಂದ ಜುಲೈ 22ರವರೆಗೆ ಸೂರ್ಯ ಮುಳುಗುವುದಿಲ್ಲ. ನೀವು ಹೋಗುತ್ತಿರುವ ಓಸ್ಲೋ–ಬರ್ಗನ್ ಪಟ್ಟಿ ಅಲ್ಲಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕಿದೆ. ಜೂನ್‌ನಲ್ಲಿ ಓಸ್ಲೋದ ಸೂರ್ಯ ರಾತ್ರಿ ಹತ್ತೂಮುಕ್ಕಾಲರ ಹೊತ್ತಿಗೆ ಮುಳುಗುತ್ತಾನೆ, ಆಮೇಲೂ ಪೂರ್ತಿ ಕತ್ತಲಾಗುವುದಿಲ್ಲ, ಅಷ್ಟೇ. ಉತ್ತರ ಧ್ರುವ ಪ್ರಭೆಯ ಚಿತ್ರವೂ ಕೈಪಿಡಿಯಲ್ಲಿದ್ದರೆ ಅದನ್ನೂ ಮರೆತುಬಿಡಿ. ಬೇಸಿಗೆಯ ಬೆಳಕಿನಲ್ಲಿ ಅದು ಕಾಣದು. ಮುಖಪುಟ ದೇಶದ್ದು, ಒಳಗಿನ ಕಾರ್ಯಕ್ರಮ ನಿಮ್ಮದು. ಎರಡನ್ನೂ ಬೇರೆ ಬೇರೆ ಓದಬೇಕು.

ಇನ್ನು ಬೆಲೆ. 1,199 ಯೂರೋ ಮೋಸದ ಬೆಲೆಯೇನಲ್ಲ. ನಾರ್ವೆಯಲ್ಲಿ ಅಗ್ಗದ ಟೂರ್ ಸಾಧ್ಯವಾಗುವುದಕ್ಕೆ ಒಂದು ಸರಳ ಕಾರಣವಿದೆ. ಅಲ್ಲಿ ನೋಡಬೇಕಾದದ್ದರಲ್ಲಿ ಬಹುಪಾಲು ರಸ್ತೆಯ ಪಕ್ಕದಲ್ಲೇ ಇದೆ, ಅದಕ್ಕೆ ಟಿಕೆಟ್ ಇಲ್ಲ. 182 ಮೀಟರ್ ಎತ್ತರದ ವೋರಿಂಗ್ಸ್‌ಫೋಸನ್ ಜಲಪಾತ, ಓಸ್ಲೋದ ವೀಗೆಲಂಡ್ ಉದ್ಯಾನದ ಇನ್ನೂರಕ್ಕೂ ಹೆಚ್ಚು ಶಿಲ್ಪಗಳು, ಒಪೆರಾ ಭವನದ ಇಳಿಜಾರು ಮಾಡು, ಬರ್ಗನ್‌ನ ಹಳೆಯ ಮರದ ಬ್ರಿಗ್ಗನ್ ಓಣಿ, ಫ್ಯಾರ್ಲಂಡ್ ಬಳಿ ರಸ್ತೆಗೇ ಇಣುಕುವ ಬೋಯಾಬ್ರೇನ್ ಹಿಮನದಿ, ಯಾವುದಕ್ಕೂ ದುಡ್ಡಿಲ್ಲ. ದುಬಾರಿ ಇರುವುದು ಹೋಟೆಲಿನ ಜಾಗ, ಊಟ, ರೈಲು ಮತ್ತು ದೋಣಿ. ಕಂಪನಿಯವರು ಕತ್ತರಿ ಹಾಕಿರುವುದೂ ಈ ನಾಲ್ಕಕ್ಕೇ.

ಮೊದಲು ಹೋಟೆಲ್. ಕಾರ್ಯಕ್ರಮದಲ್ಲಿ ‘ಬರ್ಗನ್ ಪ್ರದೇಶದಲ್ಲಿ ವಾಸ್ತವ್ಯ’, ‘ಗೈರಾಂಗರ್ ಸುತ್ತಮುತ್ತ ವಾಸ್ತವ್ಯ’ ಎಂದಿದೆಯೇ ನೋಡಿ. ಆ ‘ಪ್ರದೇಶ’ ಎಂಬ ಪದದಲ್ಲಿ ನೂರಿನ್ನೂರು ಯೂರೋ ಉಳಿತಾಯ ಅಡಗಿರುತ್ತದೆ. ಬರ್ಗನ್ ಪ್ರದೇಶ ಎಂದರೆ ಸಾಮಾನ್ಯವಾಗಿ ವೋಸ್, ಅಂದರೆ ನೂರು ಕಿಲೋಮೀಟರ್ ಆಚೆ. ಗೈರಾಂಗರ್ ಪ್ರದೇಶ ಎಂದರೆ ಲೋಯೆನ್ ಅಥವಾ ಸ್ಟ್ರಿನ್, ಇಲ್ಲವೇ ಸುಮಾರು 150 ಕಿ.ಮೀ ದೂರದ ಓಟ್ಟಾ. ಫ್ಲೋಮ್ ಪ್ರದೇಶ ಎಂದರೆ ಗೋಲ್ ಆಗಬಹುದು, ಅಲ್ಲಿಂದ ಫ್ಲೋಮ್‌ಗೆ ಎರಡು ಗಂಟೆಗೂ ಮೇಲಿನ ದಾರಿ. ಇದೆಲ್ಲ ಕೆಟ್ಟದ್ದೆಂದಲ್ಲ. ಲೋಯೆನ್ ಸ್ವತಃ ಫ್ಯೋರ್ಡಿನ (ಬೆಟ್ಟಗಳ ನಡುವೆ ಒಳನುಗ್ಗಿದ ಕಿರಿದಾದ ಕಡಲ ಚಾಚು) ದಡದಲ್ಲಿರುವ ಸೊಗಸಾದ ಊರು. ಮರುದಿನ ಓಸ್ಲೋಗೆ ಹೊರಡಬೇಕಿದ್ದರೆ ಹಿಂದಿನ ರಾತ್ರಿ ವೋಸ್‌ನಲ್ಲಿರುವುದೇ ಜಾಣತನ, ನೂರು ಕಿಲೋಮೀಟರ್ ಮೊದಲೇ ಕಳೆದಿರುತ್ತದೆ. ಆದರೆ ‘ಬರ್ಗನ್‌ನಲ್ಲಿ ಬಿಡುವಿನ ದಿನ’ ಎಂದು ಬರೆದು ಮಲಗಿಸುವುದು ವೋಸ್‌ನಲ್ಲಾದರೆ ಆ ದಿನ ನಿಮ್ಮದಲ್ಲ. ರೈಲಿಗೆ ಒಂದೂಕಾಲು ಗಂಟೆ ಹೋಗಲು, ಅಷ್ಟೇ ಬರಲು, ಟಿಕೆಟ್ ನಿಮ್ಮ ಜೇಬಿನದು. ಹಾಗಾಗಿ ಮುಂಗಡ ಕೊಡುವ ಮೊದಲೇ ಪ್ರತಿ ರಾತ್ರಿಯ ಊರಿನ ಹೆಸರನ್ನು ಬರವಣಿಗೆಯಲ್ಲಿ ಕೇಳಿ. ಹೋಟೆಲಿನ ಹೆಸರು ಕೊನೆಗೆ ಬದಲಾಗಬಹುದು, ಊರು ಬದಲಾಗಬಾರದು.

ಎರಡನೆಯದನ್ನು ನಮ್ಮವರು ಯಾರೂ ಕೇಳುವುದಿಲ್ಲ, ಆದರೆ ಇಡೀ ಟೂರನ್ನು ನಡೆಸುವುದೇ ಅದು: ಚಾಲಕನ ಗಡಿಯಾರ. ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೂ ಒಕ್ಕೂಟದ ಚಾಲನಾ ನಿಯಮ ಅಲ್ಲೂ ಜಾರಿಯಲ್ಲಿದೆ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು. ದಿನಕ್ಕೆ ಒಂಬತ್ತು ಗಂಟೆ ಚಾಲನೆ, ವಾರದಲ್ಲಿ ಎರಡು ದಿನ ಮಾತ್ರ ಹತ್ತು. ಪ್ರತಿ 24 ಗಂಟೆಯೊಳಗೆ 11 ಗಂಟೆ ಸತತ ವಿಶ್ರಾಂತಿ, ಎರಡು ಸಾಪ್ತಾಹಿಕ ವಿಶ್ರಾಂತಿಗಳ ನಡುವೆ ಮೂರು ಸಲ ಅದನ್ನು ಒಂಬತ್ತಕ್ಕೆ ಇಳಿಸಬಹುದು. ಎಲ್ಲವನ್ನೂ ಬಸ್ಸಿನೊಳಗಿನ ಟ್ಯಾಕೋಗ್ರಾಫ್ ಬರೆದಿಡುತ್ತದೆ. ದಾರಿಯಲ್ಲಿ ತಪಾಸಣೆಯಾಗಿ ಸಿಕ್ಕಿಬಿದ್ದರೆ ದಂಡ ಚಾಲಕನಿಗೂ ಕಂಪನಿಗೂ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ.

ಇದು ನಿಮ್ಮ ದಿನದ ಮೇಲೆ ಹೇಗೆ ಕೆಲಸ ಮಾಡುತ್ತದೆ ನೋಡಿ. ಬಸ್ ಬೆಳಿಗ್ಗೆ ಎಂಟಕ್ಕೆ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಸೂಟ್‌ಕೇಸ್ ತುಂಬುವುದು, ಟೈರು-ಬ್ರೇಕು ನೋಡುವುದು ಎಲ್ಲ ಸೇರಿ ಚಾಲಕನ ಕೆಲಸ ಏಳೂವರೆಗೇ ಶುರುವಾಗಿರುತ್ತದೆ. 24ರಲ್ಲಿ 11 ಕಳೆದರೆ ಉಳಿಯುವುದು 13 ಗಂಟೆ. ಅಂದರೆ ರಾತ್ರಿ ಎಂಟೂವರೆಗೆ ಆತ ಕೀಲಿ ತೆಗೆದು ಇಳಿಯಬೇಕು. ನಡುವೆ ಮೂರು ಕಡೆ ಜನ ಇಪ್ಪತ್ತು ಇಪ್ಪತ್ತು ನಿಮಿಷ ತಡ ಮಾಡಿದರೆ ಒಂದು ಗಂಟೆ ಹೋಯಿತು, ಆ ಗಂಟೆಯನ್ನು ಕೊನೆಯ ನಿಲುಗಡೆಯಿಂದ ಕಡಿಯುತ್ತಾರೆ. ಬೋಯಾಬ್ರೇನ್ ಹಿಮನದಿಯ ಮುಂದೆ ಇಳಿಯುವ ಬದಲು ಕಿಟಕಿಯಿಂದಲೇ ನೋಡಿ ಮುಂದೆ ಹೋಗುವುದು ಹೀಗೆಯೇ. ಊಟವಾದ ಮೇಲೆ ಬಸ್ಸಿನಲ್ಲಿ ಊರು ಸುತ್ತಿಸಿ ಎಂದು ಗ್ರೂಪಿನವರು ಹಟ ಹಿಡಿದರೆ ಮರುದಿನ ಹೊರಡುವುದು ತಡವಾಗುತ್ತದೆ. ಮಧ್ಯಾಹ್ನ ಏನೂ ಇಲ್ಲದ ಪೆಟ್ರೋಲ್ ಬಂಕಿನಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದರೆ ಗೈಡ್ ಮೇಲೆ ಸಿಡುಕಬೇಡಿ, ನಾಲ್ಕೂವರೆ ಗಂಟೆ ಅಲ್ಲಿ ತುಂಬಿರುತ್ತದೆ.

ಆದ್ದರಿಂದ ಕಾರ್ಯಕ್ರಮವನ್ನು ಊರಿನ ಹೆಸರಿನಿಂದ ಓದಬೇಡಿ, ಕಿಲೋಮೀಟರಿನಿಂದ ಓದಿ. ಓಸ್ಲೋದಿಂದ ಲಿಲ್ಲೆಹಾಮ್ಮರ್ ಕಡೆಗೆ ರಸ್ತೆ ಚೆನ್ನಾಗಿದೆ, ಗಂಟೆಗೆ 75–80 ಕಿ.ಮೀ ಸಾಗುತ್ತದೆ. ಫ್ಯೋರ್ಡುಗಳ ನಾಡಿಗೆ ಇಳಿದ ಮೇಲೆ ಗಂಟೆಗೆ 50 ಎಂದೇ ಲೆಕ್ಕ ಹಾಕಿ. ರಸ್ತೆ ಕಿರಿದು, ಎದುರು ಬಸ್ ಬಂದರೆ ಒಬ್ಬರು ಹಿಂದೆ ಸರಿಯಬೇಕು, ನಡುವೆ ಬಸ್ಸನ್ನೇ ಹೊತ್ತು ನೀರು ದಾಟಿಸುವ ಫೆರ್ರಿ ಬರುತ್ತದೆ. ಲೋಯೆನ್‌ನಿಂದ ಫ್ಲೋಮ್‌ಗೆ ಸುಮಾರು 190 ಕಿ.ಮೀ. ಮಾನ್‌ಹೆಲ್ಲರ್–ಫೋಡ್ನೆಸ್ ಫೆರ್ರಿಯ ಕಾಲು ಗಂಟೆ, ಅದಕ್ಕೆ ಕಾಯುವುದು, 24.5 ಕಿ.ಮೀ ಉದ್ದದ ಲ್ಯಾರ್ಡಾಲ್ ಸುರಂಗ ಎಲ್ಲ ಸೇರಿ ನಾಲ್ಕು ಗಂಟೆ. ಇದು ಒಳ್ಳೆಯ ದಿನ, ಇಳಿದು ನೋಡಲು ಸಮಯ ಉಳಿಯುತ್ತದೆ. (2000ನೇ ಇಸವಿಯಲ್ಲಿ ತೆರೆದ ಈ ಸುರಂಗ ಜಗತ್ತಿನ ಅತಿ ಉದ್ದದ ರಸ್ತೆ ಸುರಂಗ. ಚಾಲಕರಿಗೆ ತೂಕಡಿಕೆ ಬರದಿರಲೆಂದು ಆರಾರು ಕಿಲೋಮೀಟರಿಗೆ ನೀಲಿ ಬೆಳಕಿನ ಗುಹೆ ಕೊರೆದಿದ್ದಾರೆ. ಅಮ್ಮನಿಗೆ ಮುಚ್ಚಿದ ಜಾಗದ ಭಯವಿದ್ದರೆ ಮೊದಲೇ ಹೇಳಿಡಿ, ಇಪ್ಪತ್ತು ನಿಮಿಷ ಒಳಗೇ ಇರುತ್ತೀರಿ.) ಬರ್ಗನ್‌ನಿಂದ ಹಾರ್ಡಂಗರ್ ಪ್ರಸ್ಥಭೂಮಿ ದಾಟಿ ಓಸ್ಲೋಗೆ ಸುಮಾರು 470 ಕಿ.ಮೀ. ಅದು ಚಾಲಕನ ಒಂಬತ್ತು ಗಂಟೆಯ ಅಂಚಿಗೇ ಮುಟ್ಟುವ ದಿನ. ಅದೇ ದಿನದ ಸಾಲಿನಲ್ಲಿ ‘ಸಂಜೆ ಓಸ್ಲೋ ದರ್ಶನ’ ಎಂದು ಕಂಡರೆ ಅದು ಕಾಗದದ ಮೇಲಿನ ದರ್ಶನ. ಹಾಗೆಯೇ ಓಸ್ಲೋ ಪಟ್ಟಿಯಲ್ಲಿ ವೈಕಿಂಗ್ ಹಡಗುಗಳ ಮ್ಯೂಸಿಯಂ ಇದೆಯೇ ನೋಡಿ. ಅದು 2022ರಲ್ಲೇ ದೊಡ್ಡ ಮರುನಿರ್ಮಾಣಕ್ಕಾಗಿ ಮುಚ್ಚಿದೆ. ಹಳೆಯ ಕೈಪಿಡಿಯನ್ನು ನಕಲು ಹೊಡೆದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಟ್ರೋಲ್‌ಸ್ಟೀಗನ್ ಎಂಬ ಘಾಟಿ ರಸ್ತೆಯ 11 ಹೇರ್‌ಪಿನ್ ತಿರುವುಗಳ ಬಗ್ಗೆ ‘ತೆರೆದಿದ್ದರೆ ಮಾತ್ರ’ ಎಂದು ಬರೆದಿದ್ದರೆ ಅದು ಪ್ರಾಮಾಣಿಕ ಮಾತು. ಚಳಿಗಾಲವಿಡೀ ಮುಚ್ಚಿರುವ ಈ ರಸ್ತೆ ತೆರೆಯುವುದು ಮೇ ಕೊನೆಯ ಹೊತ್ತಿಗೆ, ಕೆಲವೊಮ್ಮೆ ಇನ್ನೂ ತಡ. 2024ರಲ್ಲಂತೂ ಬಂಡೆ ಉರುಳುವ ಅಪಾಯದಿಂದ ನಡು ಸೀಸನ್ನಿನಲ್ಲೇ ಬಾಗಿಲು ಹಾಕಿತು. ಬಸ್ಸಿನ ಉದ್ದಕ್ಕೂ ಅಲ್ಲಿ ಮಿತಿ ಇದೆ, ತೀರಾ ಉದ್ದದ ಬಸ್ ತರುವ ಕಂಪನಿ ಆ ದಾರಿ ಹಿಡಿಯಲಾರದು. ಅದು ತಪ್ಪಿದರೆ ಅಳಬೇಕಿಲ್ಲ. ಗೈರಾಂಗರ್‌ನ ಉತ್ತರಕ್ಕೆ ಅರ್ನೆವೇಗನ್ ಎಂಬ ಘಾಟಿ ಇದೆ, ಅಲ್ಲೂ 11 ತಿರುವು, ಮೇಲಿನಿಂದ ಫ್ಯೋರ್ಡು ಪೂರ್ತಿ ಕಾಣುತ್ತದೆ. ಸಿರ್ಸಿಯ ದೇವಿಮನೆ ಘಟ್ಟದಲ್ಲಿ ಹೊಟ್ಟೆ ತೊಳಸುವವರಿಗೆ ಇಲ್ಲೂ ತೊಳಸುತ್ತದೆ. ಮಾತ್ರೆಯನ್ನು ಅರ್ಧ ಗಂಟೆ ಮೊದಲೇ ನುಂಗಿಸಿ.

ತಿಂಗಳ ಆಯ್ಕೆ ಈಗ ಸುಲಭ. ಮೇ ಕೊನೆಯಿಂದ ಜೂನ್ ನಡುವಿನವರೆಗೆ ಹಿಮ ಕರಗಿ ಜಲಪಾತಗಳು ತುಂಬಿ ಧುಮುಕುತ್ತವೆ, ಬೆಲೆ ಜುಲೈಗಿಂತ ಕಡಿಮೆ, ಆದರೆ ಎತ್ತರದ ರಸ್ತೆಗಳು ಪೂರ್ತಿ ಖಾತ್ರಿಯಿಲ್ಲ. ಜುಲೈನಲ್ಲಿ ಎಲ್ಲ ತೆರೆದಿರುತ್ತದೆ, ಜನವೂ ತುಂಬಿರುತ್ತಾರೆ. ಆಗಸ್ಟ್ ಕೊನೆಗೆ ಬೆಲೆ ಇಳಿಯುತ್ತದೆ, ಗೈರಾಂಗರ್‌ನ ‘ಏಳು ಸೋದರಿಯರು’ ಜಲಪಾತದಲ್ಲಿ ಒಂದಿಬ್ಬರು ಸೋದರಿಯರು ಬತ್ತಿರುವ ಸಾಧ್ಯತೆ ಇದೆ. ನಿಮ್ಮ ಮನೆಯವರಿಗೆ ಜೂನ್ 10ರ ನಂತರದ ಎರಡು ವಾರ ಸರಿ.

ಇನ್ನು ಲೆಕ್ಕ. ಯೂರೋಗೆ 100 ರೂಪಾಯಿ, ನಾರ್ವೆಯ ಕ್ರೋನೆಗೆ 9 ರೂಪಾಯಿ ಎಂದು ಹಿಡಿಯೋಣ. ಹೊರಡುವ ಹೊತ್ತಿಗೆ ದರ ನೋಡಿ ತಿದ್ದಿಕೊಳ್ಳಿ. ಟೂರಿಗೆ ತಲಾ 1,20,000. ಮಧ್ಯಾಹ್ನದ ಊಟ ಏಳು ದಿನ, ಸೂಪರ್ ಮಾರ್ಕೆಟ್‌ನಿಂದ ಕೊಂಡರೆ ದಿನಕ್ಕೆ 100 ಕ್ರೋನೆಯಂತೆ 700. ಕಂಪನಿ ಕೊಡದ ನಾಲ್ಕು ರಾತ್ರಿ ಊಟಕ್ಕೆ, ಸಾಧಾರಣ ಹೋಟೆಲಿನಲ್ಲಿ ಒಂದು ಪಿಜ್ಜಾ ಅಥವಾ ಒಂದು ತಟ್ಟೆಗೆ 250ರಂತೆ 1,000. ಫ್ಲೋಮ್ ರೈಲು ಹೋಗಿ ಬರಲು 750ರ ಆಸುಪಾಸು, ನ್ಯಾರಾಯ್‌ಫ್ಯೋರ್ಡ್ ದೋಣಿಗೆ 650, ಬರ್ಗನ್‌ನ ಬೆಟ್ಟ ಹತ್ತುವ ಫ್ಲೋಯ್‌ಬಾನನ್‌ಗೆ 200. ಕಾಫಿ, ಶೌಚಾಲಯ, ಸಣ್ಣಪುಟ್ಟದ್ದಕ್ಕೆ 400. ಓಸ್ಲೋ ವಿಮಾನ ನಿಲ್ದಾಣದಿಂದ ಹೋಗಿ ಬರಲು 260. ಒಟ್ಟು 3,960 ಕ್ರೋನೆ, ಅಂದರೆ ಸುಮಾರು 36,000 ರೂಪಾಯಿ. ಬೆಂಗಳೂರಿನಿಂದ ಓಸ್ಲೋಗೆ ನೇರ ವಿಮಾನವಿಲ್ಲ. ದೋಹಾ, ದುಬೈ, ಇಸ್ತಾಂಬುಲ್ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ಬದಲಿಸಿ ಹೋಗಲು ಬೇಸಿಗೆಯಲ್ಲಿ 80,000 ಇಡಿ. ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಶುಲ್ಕ 90 ಯೂರೋ, ವೀಸಾ ಅರ್ಜಿ ಕೇಂದ್ರದ ಸೇವಾಶುಲ್ಕ, ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ ಸೇರಿ 13,000. ಒಬ್ಬರಿಗೆ ಎರಡೂವರೆ ಲಕ್ಷ, ನಾಲ್ವರಿಗೆ ಹತ್ತು. ಹಿರಿಯರ ವಿಮೆಗೆ ಸ್ವಲ್ಪ ಹೆಚ್ಚು ಸೇರಿಸಿ. ಭಾರತದ ಏಜೆಂಟ್ ಮೂಲಕ ಕೊಂಡರೆ ಬಿಲ್ಲಿನಲ್ಲಿ ಟಿಸಿಎಸ್ (ಮಾರುವವರು ಮೊದಲೇ ವಸೂಲು ಮಾಡುವ ತೆರಿಗೆ) ಕೂಡ ಬರುತ್ತದೆ. ಅದು ಖರ್ಚಲ್ಲ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಈ ಪಟ್ಟಿಯಲ್ಲಿ ಕಡಿಯಬಾರದ್ದು ಯಾವುದು? ಕಂಪನಿ ಐಚ್ಛಿಕ ಎಂದು ಬೇರೆ ಮಾರುವವುಗಳಲ್ಲಿ ನ್ಯಾರಾಯ್‌ಫ್ಯೋರ್ಡ್ ದೋಣಿ. ಫ್ಲೋಮ್‌ನಿಂದ ಗುಡ್ವಾಂಗನ್‌ಗೆ ಎರಡು ಗಂಟೆ, ಒಂದೆಡೆ ಫ್ಯೋರ್ಡಿನ ಅಗಲ ಬರೀ 250 ಮೀಟರ್. ಕೆಲವು ದೋಣಿಗಳು ಪೂರ್ತಿ ವಿದ್ಯುತ್ತಿನವು, ಎಂಜಿನ್ ಸದ್ದಿಲ್ಲದೆ ನೀರು ಬೀಳುವ ಸದ್ದು ಕೇಳುತ್ತದೆ. ರೈಲೂ ಚೆಂದವೇ, 20 ಕಿಲೋಮೀಟರಿನಲ್ಲಿ ಸಮುದ್ರ ಮಟ್ಟದಿಂದ 866 ಮೀಟರ್ ಏರಿ ಮ್ಯೂರ್ಡಾಲ್ ಮುಟ್ಟುತ್ತದೆ. ಆದರೆ 20 ಸುರಂಗಗಳಿವೆ, ಜೂನ್‌ನಲ್ಲಿ ಕಿಟಕಿಯ ಜಾಗಕ್ಕೆ ನೂಕುನುಗ್ಗಲು. ಒಂದನ್ನೇ ಆರಿಸುವುದಾದರೆ ದೋಣಿ. ಎರಡನ್ನೂ ಕಂಪನಿಯ ಮೂಲಕವೇ ಕೊಳ್ಳಿ. ನೀವೇ ಜಾಲತಾಣದಲ್ಲಿ ಕೊಂಡರೆ ನೂರು ಕ್ರೋನೆ ಉಳಿದೀತು, ಆದರೆ ಬಸ್ ತಡವಾಗಿ ದೋಣಿ ತಪ್ಪಿದರೆ ಹೊಣೆ ನಿಮ್ಮದು. ವಿಮಾನ ನಿಲ್ದಾಣದ ರೈಲಿನದು ಇದಕ್ಕೆ ಉಲ್ಟಾ. ಇಳಿದ ಕೂಡಲೇ ಕಣ್ಣಿಗೆ ಬೀಳುವ ಫ್ಲೈಟೋಗೆಟ್ ಎಂಬ ದುಬಾರಿ ರೈಲು ಬಿಟ್ಟು, ಅದೇ ನಿಲ್ದಾಣದಿಂದ ಹೊರಡುವ ವಿ ಕಂಪನಿಯ ಸಾಮಾನ್ಯ ರೈಲು ಹತ್ತಿ. ವ್ಯತ್ಯಾಸ ಕೆಲವೇ ನಿಮಿಷ, ಟಿಕೆಟ್ ಸುಮಾರು ಅರ್ಧ.

ಸಸ್ಯಾಹಾರದ ವಿಷಯದಲ್ಲಿ ಬೆಳಗಿನ ತಿಂಡಿಯೇ ನಿಮ್ಮ ಮುಖ್ಯ ಊಟ. ಹೋಟೆಲಿನ ಬಫೆಯಲ್ಲಿ ನಾಲ್ಕೈದು ಬಗೆಯ ಬ್ರೆಡ್, ಓಟ್ಸ್ ಗಂಜಿ, ಮೊಸರು, ಹಣ್ಣು, ಸೌತೆ, ಟೊಮೆಟೊ, ಜಾಮ್ ಇರುತ್ತವೆ. ಬ್ರೂನೊಸ್ಟ್ ಎಂಬ ಕಂದು ಚೀಸನ್ನು ತೆಳ್ಳಗೆ ಕೆರೆದು ಬ್ರೆಡ್ಡಿನ ಮೇಲೆ ಹಾಕಿ ತಿನ್ನುತ್ತಾರೆ. ಬಣ್ಣ ಧಾರವಾಡ ಪೇಡೆಯದು, ರುಚಿಯೂ ಖೋವಾದ ದೂರದ ನೆಂಟ. ಕಟ್ಟುನಿಟ್ಟಿನವರು ಚೀಸಿಗೆ ಹಾಲು ಹೆಪ್ಪುಗಟ್ಟಿಸುವ ಪ್ರಾಣಿಮೂಲದ ರೆನೆಟ್ ಬಳಸಿರಬಹುದು, ಕೆಲವು ಮೊಸರಿಗೆ ಪ್ರಾಣಿಮೂಲದ್ದೇ ಆದ ಜೆಲಾಟಿನ್ ಹಾಕಿರಬಹುದು ಎಂಬುದನ್ನು ನೆನಪಿಟ್ಟು ಮೊಬೈಲ್ ಕ್ಯಾಮೆರಾದಲ್ಲಿ ಲೇಬಲ್ ಅನುವಾದಿಸಿ ನೋಡಲಿ. ರಾತ್ರಿಯ ತರಕಾರಿ ಸೂಪಿನಲ್ಲೂ ಮಾಂಸದ ಸಾರು ಇರಬಹುದು, ಕೇಳಿಯೇ ತಗೊಳ್ಳಿ. ‘ಸಸ್ಯಾಹಾರ’ ಎಂದರೆ ಮೀನು ಪರವಾಗಿಲ್ಲ ಎಂದು ತಿಳಿಯುವವರಿದ್ದಾರೆ. ಬುಕಿಂಗ್‌ನಲ್ಲೇ ‘ಮಾಂಸ, ಮೀನು, ಮೊಟ್ಟೆ ಬೇಡ’ ಎಂದು ಬಿಡಿಸಿ ಬರೆಯಿಸಿ.

ಬಫೆಯಿಂದ ಬ್ರೆಡ್ ಕಟ್ಟಿಕೊಂಡು ಹೊರಡುವುದನ್ನು ಅಲ್ಲಿ ಕದ್ದಂತೆಯೇ ಎಣಿಸುತ್ತಾರೆ. ಬುತ್ತಿಗೆ ಬೇರೆ ದರವಿದೆ, ಕೊಟ್ಟರೆ ಸುತ್ತಲು ಕಾಗದವನ್ನೂ ಅವರೇ ಕೊಡುತ್ತಾರೆ. ಅದಕ್ಕಿಂತ ಊರಿನ ಬುತ್ತಿ ಲೇಸು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಒಗ್ಗರಣೆ ಹಾಕಿ ಒಣಗಿಸಿದ ಅವಲಕ್ಕಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ, ಇವು ಎಂಟು ದಿನ ಕೆಡುವುದಿಲ್ಲ. ತುಪ್ಪ, ಪೇಡೆ, ಪನೀರ್ ಬೇಡ. ಯುರೋಪಿನಾಚೆಯಿಂದ ಹಾಲಿನ ಮತ್ತು ಮಾಂಸದ ಪದಾರ್ಥ ಒಯ್ಯುವಂತಿಲ್ಲ, ಕಸ್ಟಮ್ಸ್‌ನವರು ಕಂಡರೆ ಕಸದ ಬುಟ್ಟಿಗೆ ಹಾಕುತ್ತಾರೆ. ಅಲ್ಲಿನ ಬಹುತೇಕ ಅಗ್ಗದ ಹೋಟೆಲ್ ಕೋಣೆಗಳಲ್ಲಿ ನೀರು ಕಾಯಿಸುವ ಕೆಟಲ್ ಇರುವುದಿಲ್ಲ, ಒಂದು ಚಿಕ್ಕದನ್ನು ಒಯ್ಯಿರಿ. ವಿದ್ಯುತ್ 230 ವೋಲ್ಟ್, ನಮ್ಮ ಎರಡು ಕಡ್ಡಿಯ ಚಾರ್ಜರ್ ಕೂರುತ್ತದೆ, ಮೂರು ಕಡ್ಡಿಯದ್ದಕ್ಕೆ ಅಡಾಪ್ಟರ್ ಬೇಕು. ಆದರೆ ಇಂಡಕ್ಷನ್ ಒಲೆ ಇಟ್ಟು ಕೋಣೆಯಲ್ಲಿ ಸಾಸಿವೆ ಸಿಡಿಸುವ ಯೋಚನೆ ಬೇಡವೇ ಬೇಡ. ಹೊಗೆ ತಗುಲಿ ಅಲಾರಂ ಹೊಡೆದರೆ ಅಗ್ನಿಶಾಮಕ ದಳ ಬರುತ್ತದೆ, ಬಿಲ್ಲು ಸಾವಿರಾರು ಕ್ರೋನೆಯಲ್ಲಿ ನಿಮ್ಮ ಕೈಗೆ ಬರುತ್ತದೆ.

ಕುಡಿಯುವ ನೀರು ಕೊಳ್ಳಬೇಡಿ, ನಲ್ಲಿಯ ತಣ್ಣೀರು ಎಲ್ಲೆಡೆ ಕುಡಿಯಲು ಯೋಗ್ಯ. ರೆಮಾ 1000, ಕಿವಿ, ಎಕ್ಸ್‌ಟ್ರಾ ಅಗ್ಗದ ಅಂಗಡಿಗಳು. ಭಾನುವಾರ ದೊಡ್ಡ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ನೂರು ಚದರ ಮೀಟರ್ ಒಳಗಿನ ಪುಟ್ಟ ಅಂಗಡಿಗಳು ಮಾತ್ರ ತೆರೆದಿರುತ್ತವೆ, ಅಲ್ಲಿ ಬೆಲೆ ಹೆಚ್ಚು. ಟೂರಿನ ಯಾವ ದಿನ ಭಾನುವಾರ ಬರುತ್ತದೆ ನೋಡಿ ಶನಿವಾರವೇ ಕೊಂಡಿಡಿ. ನಗದಿನ ಅಗತ್ಯ ಬೀಳುವುದೇ ಇಲ್ಲ, ಶೌಚಾಲಯದ 10–20 ಕ್ರೋನೆಯೂ ಕಾರ್ಡಿನಲ್ಲೇ. ಬಸ್ಸಿನ ಶೌಚಾಲಯ ಇದೆ ಎಂದು ನಂಬಿ ಕೂರಬೇಡಿ, ಅದನ್ನು ತುರ್ತಿಗೆಂದು ಬೀಗ ಹಾಕಿಡುವುದೇ ಹೆಚ್ಚು. ಅಪ್ಪನಿಗೆ ಮಧುಮೇಹವಿದ್ದರೆ ಈ ಮಾತನ್ನು ಗೈಡ್‌ಗೆ ಮೊದಲ ದಿನವೇ ತಿಳಿಸಿ. ಮಾತ್ರೆಗಳನ್ನು ವೈದ್ಯರ ಚೀಟಿ ಸಮೇತ ಕೈಚೀಲದಲ್ಲಿಡಿ. ಆಂಟಿಬಯೋಟಿಕ್ ಅಲ್ಲಿ ಚೀಟಿ ಇಲ್ಲದೆ ಸಿಗದು. ಆಂಬುಲೆನ್ಸ್‌ಗೆ 113, ತುರ್ತಲ್ಲದ ವೈದ್ಯರಿಗೆ 116117. ಬರ್ಗನ್‌ನಲ್ಲಿ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ಮಳೆ. ಆಗುಂಬೆಯಂತೆ ಸುರಿಯುವುದಿಲ್ಲ, ಜಿನುಗುತ್ತಲೇ ಇರುತ್ತದೆ. ಗಾಳಿಗೆ ಕೊಡೆ ಮಗುಚುತ್ತದೆ, ಟೋಪಿಯಿರುವ ರೇನ್‌ಕೋಟ್ ಬೇಕು. ಡಾಲ್ಸ್‌ನಿಬ್ಬಾ ಬೆಟ್ಟದ 1,476 ಮೀಟರ್ ಎತ್ತರದಲ್ಲಿ ಜೂನ್‌ನಲ್ಲೂ ಹಿಮವಿರುತ್ತದೆ, ಕೆಳಗೆ ಗೈರಾಂಗರ್‌ನಲ್ಲಿ ಅದೇ ಹೊತ್ತಿಗೆ ಸ್ವೆಟರ್ ಸಾಕು.

ಕೊನೆಯದಾಗಿ ದುಡ್ಡು ಕೊಡುವ ಕ್ರಮ. ಹೆಚ್ಚು ಜನ ಕೈಸುಟ್ಟುಕೊಳ್ಳುವುದು ಇಲ್ಲೇ. ಅಗ್ಗದ ಟೂರುಗಳಿಗೆ ಕನಿಷ್ಠ ಇಷ್ಟು ಜನ ಸೇರಬೇಕು ಎಂಬ ಷರತ್ತಿರುತ್ತದೆ. ಯುರೋಪಿನ ಪ್ಯಾಕೇಜ್ ಪ್ರವಾಸ ಕಾಯಿದೆಯ ಪ್ರಕಾರ, ಆರು ದಿನಕ್ಕಿಂತ ಉದ್ದದ ಟೂರನ್ನು ಜನ ಸಾಲದೆ ರದ್ದು ಮಾಡುವುದಾದರೆ ಹೊರಡುವ 20 ದಿನ ಮೊದಲೇ ಹೇಳಬೇಕು, ಟೂರಿನ ಹಣ ಪೂರ್ತಿ ವಾಪಸ್ ಕೊಡಬೇಕು. ಆದರೆ ನೀವು ಬೇರೆಯಾಗಿ ಕೊಂಡ ವಿಮಾನದ ಟಿಕೆಟ್ಟಿಗೆ ಅವರು ಹೊಣೆಯಲ್ಲ. ಬೆಲೆಯನ್ನು ಶೇ. 8ಕ್ಕಿಂತ ಹೆಚ್ಚು ಏರಿಸಿದರೆ ದಂಡವಿಲ್ಲದೆ ಬಿಟ್ಟುಬಿಡುವ ಹಕ್ಕು ನಿಮಗಿದೆ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಹಾಕಬಹುದು. ಸಾಮಾನ್ಯ ಅವಧಿ 15 ದಿನ, 45ರವರೆಗೂ ಎಳೆಯಬಹುದು. ಬೇಸಿಗೆಯ ಹೊತ್ತಿಗೆ ಬೆಂಗಳೂರಿನ ಕೇಂದ್ರದಲ್ಲಿ ಬೆರಳಚ್ಚಿನ ಸರದಿಯೇ ಸಿಗುವುದು ಕಷ್ಟ, ಆದ್ದರಿಂದ ಫೆಬ್ರವರಿ–ಮಾರ್ಚ್‌ನಲ್ಲೇ ಸಲ್ಲಿಸಿ. ಅರ್ಜಿಗೆ ವಿಮಾನದ ಕಾಯ್ದಿರಿಸಿದ ಪ್ರತಿ ಸಾಕು, ಹಣ ಕಟ್ಟಿದ ಟಿಕೆಟ್ ಬೇಕಿಲ್ಲ. ನೀವು ವಾಪಸಾಗುವ ದಿನದ ಆಚೆಗೂ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು.

ಹೀಗಾಗಿ ಮೊದಲು ಟೂರಿಗೆ ಮುಂಗಡ, ನಂತರ ವೀಸಾ, ವೀಸಾ ಬಂದು ಕಂಪನಿಯು ‘ಈ ತಾರೀಖಿನ ಟೂರ್ ಖಾತ್ರಿ ಹೊರಡುತ್ತದೆ’ ಎಂದು ಬರೆದುಕೊಟ್ಟ ಮೇಲೆ ವಿಮಾನ. ಮುಂಗಡಕ್ಕೆ ಮೊದಲು ಒಂದೇ ಮೇಲ್‌ನಲ್ಲಿ ಇಷ್ಟು ಕೇಳಿಬಿಡಿ: ಪ್ರತಿ ರಾತ್ರಿ ಯಾವ ಊರು, ಪ್ರತಿ ದಿನ ಎಷ್ಟು ಕಿಲೋಮೀಟರ್, ಬೆಲೆಯೊಳಗೆ ಇರುವ ಫೆರ್ರಿ ಮತ್ತು ದೋಣಿ ಯಾವುವು, ಚಾಲಕ-ಗೈಡ್‌ಗೆ ಟಿಪ್ಸ್ ಕಡ್ಡಾಯವೇ, ಹೋಟೆಲುಗಳಲ್ಲಿ ಲಿಫ್ಟ್ ಇದೆಯೇ, ಕನಿಷ್ಠ ಎಷ್ಟು ಜನ ಸೇರಬೇಕು. ಎಂಟನೇ ದಿನದ ವಾಪಸ್ ವಿಮಾನವನ್ನು ಮಧ್ಯಾಹ್ನದ ನಂತರದ್ದೇ ಆರಿಸಿ. ಹಿಂದಿನ ರಾತ್ರಿ ‘ಓಸ್ಲೋ ಪ್ರದೇಶ’ ಎಂದರೆ ಯಾವ ಊರು ಎಂಬುದು ಆ ಮೇಲ್‌ನ ಉತ್ತರದಲ್ಲೇ ತಿಳಿಯುತ್ತದೆ.